ಗೊಂದರೆಲಾದಲ್ಲಿ ಜನವಸತಿ ಇದೆ

ಪ್ಯಾರಿಷ್ ಪುನರ್ವಿಂಗಡಣೆಯ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿ ಅರ್ಮಿಂಡಾಳನ್ನು ಅವಳ ಗಂಡನ ಪಕ್ಕದಲ್ಲಿ ಮಣ್ಣು ಮಾಡಲು ನೀವು ಬಿಡಲಿಲ್ಲ. ತನ್ನದೇ ಊರಾಡಳಿತವಿದ್ದ ಗೊಂದರೆಲಾ ಎಂಬ ನಮ್ಮ ಪ್ಯಾರಿಷ್ಷನ್ನು ‘ಜನವಸತಿ ಇಲ್ಲ’ ಎಂದು ಬರೆದು ಕೆಳಗಿನ ಪೇಟೆಗೆ ಸೇರಿಸಿದಿರಿ, ನಮ್ಮ ಸ್ಮಶಾನಕ್ಕೆ ಬೀಗ ಜಡಿದಿರಿ. ಇದ್ದ ಜನರನ್ನು ಇಲ್ಲವಾಗಿಸುವ ನಿಮ್ಮ ಜಾಣ್ಮೆಗೆ ಏನೆನ್ನಲಿ?

ನಮ್ಮೂರಿನ ಭೂಗೋಳ ನಿಮ್ಮ ನಕ್ಷೆಯಷ್ಟು ಸಲೀಸಲ್ಲ. ಒಂದೊಂದು ಕುಟುಂಬಕ್ಕೂ ಎರಡು ಮನೆ: ಚಳಿಗೆ ಕಣಿವೆಯಲ್ಲೊಂದು, ಬೇಸಗೆಗೆ ಬೆಟ್ಟದ ಮೇಲೊಂದು. ಈಸ್ಟರ್ ಕಳೆಯುತ್ತಲೇ ದನ, ಕೋಳಿ, ಹಾಸಿಗೆ, ಹಿಟ್ಟಿನ ಪೆಟ್ಟಿಗೆ ಸಮೇತ ಮೇಲೇರುತ್ತೇವೆ. ಕ್ರಿಸ್‌ಮಸ್‌ಗೆ ಮುಂಚೆ ಇಳಿಯುತ್ತೇವೆ. ರಾಜರಿದ್ದಾಗಲೂ ಹೀಗೇ, ರಾಜರು ಹೋದ ಮೇಲೂ ಹೀಗೇ. ಫ್ರೆಂಚರ ದಂಡು ಬಂದಾಗ ನಮ್ಮ ಹಿರಿಯರು ಇಗರ್ಜಿಯ ಗಂಟೆಯನ್ನೇ ಎತ್ತಿನ ಗಾಡಿಯಲ್ಲಿ ಮೇಲಕ್ಕೆ ಸಾಗಿಸಿದರಂತೆ. ಆ ದಂಡು ಕೂಡ ಖಾಲಿ ಮನೆ ನೋಡಿ ಊರೇ ಇಲ್ಲವೆಂದು ಬರೆದುಕೊಳ್ಳಲಿಲ್ಲ.

ನಿಮ್ಮ ಗಣತಿದಾರರು ಬಂದದ್ದು ಜೂನ್‌ನಲ್ಲಿ, ಕಣಿವೆಗೆ. ಕೋಸಿನ ಗಿಡಕ್ಕೆ ನೀರು ಹಾಯಿಸಲು ಇಳಿದಿದ್ದ ನೆರೆಮನೆಯ ಗ್ಲೋರಿಂಡಜ್ಜಿ ಒಬ್ಬಳೇ ಅವರಿಗೆ ಸಿಕ್ಕಿದಳು.

“ಏನಜ್ಜಿ, ಊರ ತುಂಬ ಬೀಗ?”

“ದನ ಎಲ್ಲಿದ್ಯೋ ನಾವೂ ಅಲ್ಲೇ ಕಣಪ್ಪ. ಬೆಟ್ಟ ಹತ್ತು, ಎಲ್ರೂ ಸಿಕ್ತಾರೆ. ಒಂದು ಬಟ್ಟಲು ಬಿಸಿ ಸಾರೂ ಸಿಗುತ್ತೆ.”

“ಒಂದು ಕುಟುಂಬಕ್ಕೆ ಒಂದೇ ವಿಳಾಸ ಅಜ್ಜಿ. ಆ ದಾರೀಲಿ ನನ್ನ ಕಾರು ಹತ್ತಲ್ಲ.”

“ಕಾರು ಹತ್ತದಿದ್ರೆ ಕಾಲಿಲ್ವಾ ನಿಂಗೆ?”

ಕಾಲಿತ್ತು, ಮನಸ್ಸಿರಲಿಲ್ಲ. ಆಕ್ಷೇಪಣೆಗೆ ಮೂವತ್ತು ದಿನ ಎಂಬ ನೋಟಿಸನ್ನೂ ಕಣಿವೆಯ ಕಚೇರಿ ಬಾಗಿಲಿಗೇ ಅಂಟಿಸಿದಿರಿ. ಡಿಸೆಂಬರಿನಲ್ಲಿ ನಾವು ಇಳಿಯುವಷ್ಟರಲ್ಲಿ ಅರ್ಧವನ್ನು ಬಸವನಹುಳು ತಿಂದಿತ್ತು. ತಪ್ಪು ನಮ್ಮದೂ ಇದೆ. ಬೇಸಗೆಯಲ್ಲಿ ಎಲ್ಲಿರುತ್ತೇವೆಂದು ಸರ್ಕಾರಕ್ಕೆ ಬರೆದು ತಿಳಿಸಲಿಲ್ಲ; ಅದು ಗೊತ್ತಿಲ್ಲದವರೂ ಇರುತ್ತಾರೆಂದು ನಮಗೆ ಹೊಳೆಯಲೇ ಇಲ್ಲ.

ಫೆಬ್ರವರಿಯಲ್ಲಿ ಅರ್ಮಿಂಡಾ ಹೋದಳು. ಗಂಡ ಝೆಫೆರೀನುವಿನ ಪಕ್ಕದ ತುಂಡು ನೆಲವನ್ನು ಹನ್ನೊಂದು ವರ್ಷದಿಂದ ಕಳೆ ಕಿತ್ತು ತನಗೆಂದು ಇಟ್ಟುಕೊಂಡಿದ್ದಳು. ನಮ್ಮಲ್ಲಿ ಗುಂಡಿ ತೋಡಲು ಕೂಲಿಯವರಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರೇ ತೋಡುತ್ತಾರೆ. ಗುದ್ದಲಿ ಹಿಡಿದು ಬಂದವರನ್ನು ನಿಮ್ಮ ಕಾವಲುಗಾರ ಗೇಟಿನಲ್ಲೇ ತಡೆದ. ನಾನು ಪೇಟೆಯ ಕಚೇರಿಗೆ ಓಡಿದೆ.

“ಜನ ಇಲ್ಲದ ಊರಲ್ಲಿ ಹೂಳೋಕೆ ಅನುಮತಿ ಇಲ್ಲ,” ಎಂದರು ಅಲ್ಲಿನ ಗುಮಾಸ್ತೆ.

“ಹಾಗಾದ್ರೆ ಸತ್ತೋಳು ಎಲ್ಲಿಯೋಳು ತಾಯಿ?” ಎಂದೆ.

ಆಕೆ ಪೇಟೆಯ ಸ್ಮಶಾನದ ಅರ್ಜಿಯನ್ನು ನನ್ನತ್ತ ತಳ್ಳಿದರು. ಅಲ್ಲೇ, ಯಂತ್ರ ತೋಡಿದ ಗುಂಡಿಯಲ್ಲಿ, ಗುರುತು ಪರಿಚಯವಿಲ್ಲದವರ ನಡುವೆ ನನ್ನ ತಂಗಿಯನ್ನು ಇಳಿಸಿ ಬಂದೆ. ನಾಲ್ಕೂ ಮನೆಯವರು ಕೆಲಸವಿಲ್ಲದ ಗುದ್ದಲಿ ಹಿಡಿದು ನಿಂತಿದ್ದರು.

ಪ್ಯಾರಿಷ್ ವಾಪಸ್ ಕೊಡಿ ಎಂದು ಕೇಳುವವರು ಕೇಳಲಿ. ನನ್ನ ಬೇಡಿಕೆ ಒಂದೇ. ಅರ್ಮಿಂಡಾಳನ್ನು ಗೊಂದರೆಲಾಕ್ಕೆ ಮರಳಿ ತರಲು, ಈ ಸಲ ನಾವು ಬೆಟ್ಟ ಹತ್ತುವ ಮುನ್ನ, ಲಿಖಿತ ಅನುಮತಿ ಕೊಡಿ. ಕೊನೆಯ ದಿನ ಅವಳು ನನ್ನ ಕೈ ಹಿಡಿದು, “ಅಣ್ಣಾ, ನನ್ನನ್ನ ಅವರ ಪಕ್ಕಾನೇ ಮಲಗಿಸ್ತೀಯ ತಾನೆ?” ಎಂದಿದ್ದಳು. “ಇದೇನು ಕೇಳ್ತೀಯೇ ಹುಚ್ಚಿ, ಇನ್ನೆಲ್ಲಿ ಮಲಗಿಸ್ತಾರೆ?” ಎಂದು ಗದರಿದ್ದೆ. ನನ್ನ ಮಾತು ನಂಬಿ ಅವಳು ಕಣ್ಣು ಮುಚ್ಚಿದಳು.

ಇಂತಿ,
ತಂಗಿಗೆ ಸುಳ್ಳು ಹೇಳಿ ಕಳಿಸಿದ ಅಣ್ಣ,
ಎವರಿಸ್ತು