ಹಂಚಿಕೊಟ್ಟ ಕಾಯಿಲೆ

ಮಾರ್ಚ್ ೧೪, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಪ್ಪನ ಅಕ್ಷರ ಕಂಡು ನೀನು ಗಾಬರಿಯಾಗುವ ಮೊದಲೇ ಹೇಳಿಬಿಡುತ್ತೇನೆ, ಸುದ್ದಿ ಒಳ್ಳೆಯದೇ. ಕೊನೆಯ ಕೀಮೋ ಮುಗಿದು ಸ್ಕ್ಯಾನೂ ಆಯಿತು. ಕರುಳಿನಲ್ಲಿ ಗಡ್ಡೆಯ ಸುಳಿವಿಲ್ಲ ಎಂದರು ಡಾಕ್ಟರು. ಅಮ್ಮ ಇಷ್ಟನ್ನು ಫೋನಿನಲ್ಲಿ ಆಗಲೇ ಹೇಳಿರುತ್ತಾಳೆ, ನಡುನಡುವೆ ಅತ್ತೂ ಇರುತ್ತಾಳೆ. ಆದರೂ ನಾನೇ ಬರೆಯಬೇಕೆಂದಿತ್ತು. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಪೆನ್ನು ಹಿಡಿದರೆ ಅದು ಕೈಯಲ್ಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಈಗಲೂ ಅಕ್ಷರಗಳು ಕುಡಿದವನ ಹಾಗೆ ಓಲಾಡುತ್ತಿವೆ, ಹೇಗಾದರೂ ಓದಿಕೋ.

ಕೂದಲು ಅರ್ಧ ಉದುರಿದ್ದು ನಿನಗೆ ಗೊತ್ತು. ಉಳಿದದ್ದನ್ನು ನಮ್ಮ ಕ್ಷೌರದಂಗಡಿಯ ಪಾಲುದಾರ ಮೌನಿ ಬೋಳಿಸಿದ. ಬಾಯಿಗೆ ಬೀಗವಿಲ್ಲ ಅಂತಲೇ ಅವನಿಗೆ ಆ ಹೆಸರಿಟ್ಟದ್ದು, ನೆನಪಿದೆಯಲ್ಲ? ಬೋಳುತಲೆಯವನ ಕೈಗೆ ಯಾವ ಗಿರಾಕಿ ತಲೆ ಕೊಡುತ್ತಾನೆ ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಕೂದಲಿನದು ಎಲ್ಲರಿಗೂ ಕಾಣುತ್ತಿತ್ತು. ಮಿಕ್ಕ ತೊಂದರೆಗಳನ್ನು ನಾನು ಹಂಚಿಬಿಟ್ಟೆ. ವಾಂತಿ ನಿನ್ನ ಅಮ್ಮನಿಗೆ, ಮುಚ್ಚಿಡಲು ಆಗದ್ದರಿಂದ. ಬೆರಳುಗಳ ಜೋಮು ಮೌನಿಗೆ, ನನ್ನ ಕತ್ತರಿ ಕೈಜಾರಿದ್ದನ್ನು ಅವನು ನೋಡಿದ್ದರಿಂದ. ಬಾಯಿಹುಣ್ಣು ನಿನಗೆ, ಫೋನಿನಲ್ಲಿ ಮಾತು ತೊದಲಿತೆಂದು ನೀನು ಹಟ ಹಿಡಿದಿದ್ದರಿಂದ. ಒಬ್ಬೊಬ್ಬರಿಗೂ ಇದೊಂದೇ, ಬೇರೇನಿಲ್ಲ ಎಂದೆ. ಪೂರ್ತಿ ಭಾರ ಒಬ್ಬರ ತಲೆಯ ಮೇಲೆ ಬೀಳದಿರಲಿ ಎಂಬುದು ನನ್ನ ಜಾಣತನ. ಸೋಪಿನ ನೊರೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು, ತಣ್ಣೀರು ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತಿತ್ತು. ಅವನ್ನು ನಾನೇ ಇಟ್ಟುಕೊಂಡೆ. ಆಸ್ಪತ್ರೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಎಲ್ಲ ಹೇಳಿದರೆ ಔಷಧಿಯನ್ನೇ ನಿಲ್ಲಿಸಿಬಿಟ್ಟಾರು, ಗಡ್ಡೆ ಮತ್ತೆ ಬೆಳೆದೀತು ಎಂಬ ದಿಗಿಲು.

ಗುಟ್ಟು ರಟ್ಟಾಗಿದ್ದು ಮೌನಿ ನನ್ನನ್ನೂ ಅಮ್ಮನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ. ಡ್ರಿಪ್ ಹಾಕುವ ಮೊದಲು ನರ್ಸಮ್ಮ ಹೇಗಿದ್ದೀರಿ ಎಂದರು. ಆರಾಮ ಎಂದೆ. ಅಮ್ಮ ತಡೆಯಲಾರದೆ ವಾಂತಿಯ ಸುದ್ದಿ ತೆಗೆದಳು. ಮೌನಿ ಸುಮ್ಮನಿರುತ್ತಾನೆಯೇ? ವಾಂತಿಯೆಲ್ಲಿಂದ ಬಂತು, ಇವರಿಗಿರುವುದು ಬೆರಳಿನ ತೊಂದರೆ ಎಂದ. ಬೆರಳಿನದು ನನಗೇಕೆ ಹೇಳಲಿಲ್ಲ ಎಂದು ಅವಳು, ವಾಂತಿಯದು ನನಗೇಕೆ ಹೇಳಲಿಲ್ಲ ಎಂದು ಅವನು. ಕಾಯಿಲೆಯವನನ್ನು ಬಿಟ್ಟು ಇಬ್ಬರೂ ತಮ್ಮತಮ್ಮಲ್ಲೇ ಜಗಳಕ್ಕೆ ನಿಂತರು. ಪಕ್ಕದ ಹಾಸಿಗೆಯವರು ಎದ್ದು ಕೂತು ನೋಡಿದರು.

ನರ್ಸಮ್ಮ ಸೂಜಿ ಕೆಳಗಿಟ್ಟರು. “ಎಲ್ರಿಗೂ ಹಂಚಿ ನಮಗೇನೂ ಉಳಿಸ್ಲಿಲ್ವಲ್ಲ ಯಜಮಾನ್ರೇ. ಎಲ್ಲಾನೂ ಇಲ್ಲಿ ಹೇಳಿ. ಹೇಳಿದ್ರೆ ತಾನೇ ನಿಮಗೆ ತಡ್ಕೊಳ್ಳೋಕಾಗೋ ಹಾಗೆ ಔಷಧಿ ಹೊಂದಿಸೋಕಾಗೋದು.”

ಹೇಳಿದೆ. ಹೇಳುತ್ತಾ ಹೋದ ಹಾಗೆ, ಇಷ್ಟೆಲ್ಲ ಹೊತ್ತುಕೊಂಡಿದ್ದೆನೇ ಎಂದು ನನಗೇ ಆಶ್ಚರ್ಯ. ಡಾಕ್ಟರು ಜೋಮು ತರಿಸುವ ಔಷಧಿಯ ಪ್ರಮಾಣ ಇಳಿಸಿದರು, ವಾಂತಿಯ ಮಾತ್ರೆ ಬದಲಿಸಿದರು, ಹುಣ್ಣಿಗೆ ಬಾಯಿ ಮುಕ್ಕಳಿಸಲು ಔಷಧಿ ಕೊಟ್ಟರು. ಎಲ್ಲವೂ ಮಾಯವಾಗಲಿಲ್ಲ, ಆದರೆ ಆ ವಾರ ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ಅಮ್ಮ ತಟ್ಟೆ ತೊಳೆಯುತ್ತಾ ಏನೋ ಹಾಡು ಗುನುಗಿದಳು, ಎಷ್ಟು ಕಾಲದ ಮೇಲೋ. ಕೇಳಿ ನನಗೆ ಕಣ್ಣು ತುಂಬಿ ಬಂತು.

ಈಗ ದಿನಾ ಅಂಗಡಿಗೆ ಹೋಗುತ್ತೇನೆ. ರೇಜರ್ ಮುಟ್ಟಲು ಮೌನಿ ಬಿಡುವುದಿಲ್ಲ. ಗಿರಾಕಿಗಳ ಕುತ್ತಿಗೆಯ ದೃಷ್ಟಿಯಿಂದ ಅದೇ ಸರಿ. ಟವೆಲ್ ಮಡಚುತ್ತೇನೆ, ಹರಟೆ ಹೊಡೆಯುತ್ತೇನೆ. ಮೊನ್ನೆ ಅಂಗಿಯ ಗುಂಡಿ ನಾನೇ ಹಾಕಿಕೊಂಡೆ. ಅದರ ಅಂಚು ಹೆಬ್ಬೆರಳಿಗೆ ತಿಳಿಯಿತು. ಮಿಕ್ಕ ಬೆರಳುಗಳೂ ನಿಧಾನವಾಗಿ ಸರಿಹೋಗುತ್ತವಂತೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನೀವೆಲ್ಲ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿಕೊಂಡು ತಣ್ಣಗಿರಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೀಗ ತಿಳಿಯದು.

ನಿನ್ನ,
ಬೋಳುತಲೆಯ ಅಪ್ಪ

ತಾ.ಕ.: ಪಾಪುವನ್ನು ಮೊದಲ ಸಲ ತಂದು ನೀನು ನನ್ನ ಕೈಗೆ ಕೊಡಲು ಬಂದಾಗ, ನೆಗಡಿಯ ನೆಪ ಹೇಳಿ ಹಿಂದೆ ಸರಿದೆ. ನೀನು ಅವಳನ್ನು ಎದೆಗವಚಿಕೊಂಡು ಹೊರಟೆ. ಅಪ್ಪನಿಗೆ ನನ್ನ ಮಗು ಬೇಡವಾಯಿತೇ ಎಂದು ಅಮ್ಮನ ಹತ್ತಿರ ಹೇಳಿಕೊಂಡು ಅತ್ತಿದ್ದೆಯಂತೆ. ನೆಗಡಿ ಇರಲಿಲ್ಲ ಗುಬ್ಬಿ. ಅವಳ ಭಾರ ನನ್ನ ಕೈಗೆ ತಿಳಿಯದೆ ಬೀಳಿಸಿಬಿಟ್ಟರೆ ಎಂದು ಹೆದರಿದೆ. ಆ ಹೆದರಿಕೆಯನ್ನು ಮಾತ್ರ ಯಾರಿಗೂ ಹಂಚಿರಲಿಲ್ಲ. ಅವಳನ್ನು ಕರೆದುಕೊಂಡು ಬಾ. ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ದಿಂಬು ಇಟ್ಟುಕೊಂಡಿರುತ್ತೇನೆ. ಊರವರ ತಲೆಯನ್ನೆಲ್ಲ ಮುಟ್ಟಿದ ಕೈ ಇದು, ಅವಳ ಕೂದಲನ್ನು ಇನ್ನೂ ಮುಟ್ಟಿಲ್ಲ.