ತಟ್ಟಿಯ ಕೆಳಗೆ ನಿಂತ ಮೀನುಗಳು

ವೆಸ್ಟ್ ವಿಂಡ್ಸರ್, ನ್ಯೂಜೆರ್ಸಿ
ಭಾನುವಾರ, ಮೇ ೩, ೨೦೦೯

ಪ್ರೀತಿಯ ತಮ್ಮ ಶಾರಿಕ್,

ಅಕ್ಕನ ಸಲಾಂ. ಸೊಂಟನೋವು ಹೇಗಿದೆ? ಹ್ಯೂಸ್ಟನ್ನಿನಲ್ಲಿ ಆಗಲೇ ಸೆಕೆ ಶುರುವಾಗಿದೆಯೆಂದು ಟಿವಿಯಲ್ಲಿ ನೋಡಿದೆ. ಹೋಗುವಾಗ ಕಟ್ಟಿಕೊಟ್ಟ ಕುಚ್ಚಲಕ್ಕಿ ಮುಗಿಯಿತೋ, ಇಲ್ಲ ಚೀಲದ ಬಾಯಿಯನ್ನೇ ಇನ್ನೂ ಬಿಚ್ಚಿಲ್ಲವೋ? ನಿನ್ನ ಅಡುಗೆ ನನಗೆ ಗೊತ್ತು, ಎರಡನೆಯದೇ ಇರಬೇಕು. ನಿನ್ನ ಭಾವ ಚೆನ್ನಾಗಿದ್ದಾರೆ. ಅವರ ಆಫೀಸಿನಲ್ಲಿ ಶುಕ್ರವಾರ ಬಂತೆಂದರೆ ಯಾರಾದರೊಬ್ಬರು ರಟ್ಟಿನ ಪೆಟ್ಟಿಗೆ ಹಿಡಿದು ಹೊರಗೆ ನಡೆಯುತ್ತಾರೆ. ಇವರು ಇನ್ನೂ ಒಳಗಿದ್ದಾರೆ, ಅಲ್ಲಾಹನ ದಯೆ. ಜೈನಬ್ ಪರೀಕ್ಷೆಗೆ ಓದುತ್ತಿದ್ದೇನೆಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಕ್ಷೇಮಸಮಾಚಾರ ಇಷ್ಟು. ಇನ್ನು ಮುಂದೆ ಬರೆಯುವುದೆಲ್ಲ ಸಿಟ್ಟಿನಲ್ಲಿ ಬರೆಯುವುದು. ಮಡಿಸಿ ಜೇಬಿಗಿಡಬೇಡ, ಕುಳಿತು ಪೂರ್ತಿ ಓದು.

ಎರಡು ವಾರದಿಂದ ನಿನ್ನ ಫೋನು ನೇರವಾಗಿ ವಾಯ್ಸ್‌ಮೇಲ್‌ಗೆ ಹೋಗುತ್ತಿದೆ. 'ಹಾಯ್, ದಿಸ್ ಈಸ್ ಶಾರಿಕ್' ಎಂದು ಅಷ್ಟು ಉಲ್ಲಾಸದಿಂದ ಹೇಳುತ್ತೀಯಲ್ಲ, ಅದನ್ನು ಕೇಳಿದರೆ ಈಗ ಮೈ ಉರಿಯುತ್ತದೆ. ಹೊಸ ಕೆಲಸ, ಪುರುಸೊತ್ತಿಲ್ಲ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಆಮೇಲೆ ಜೈನಬ್ ಬಾಯಿಬಿಟ್ಟಳು. ಹೊಳೆಯ ಫೋಟೋ ನಿನಗೆ ಕಳಿಸಿದ್ದಳಂತೆ, ನೀನು 'ಓ ನೋ' ಎಂದಷ್ಟೇ ಬರೆದೆಯಂತೆ, ಅಲ್ಲಿಂದ ಮುಂದೆ ಅವಳಿಗೂ ಉತ್ತರವಿಲ್ಲ. 'ಇಟ್ಸ್ ಮಾಮೂಸ್ ಫೆನ್ಸ್, ಅಮ್ಮಿ. ಹೀ ನೋಸ್' ಎಂದಳು, ನಾನೇನೋ ಗುಟ್ಟು ಮುಚ್ಚಿಡುತ್ತಿರುವ ಹಾಗೆ ನನ್ನ ಮುಖ ನೋಡಿ. ಅಂದರೆ ನಿನಗೆ ಗೊತ್ತಿದೆ. ಗೊತ್ತಿದ್ದೂ ಫೋನು ಎತ್ತುತ್ತಿಲ್ಲ. ಅದಕ್ಕೇ ಕಾಗದ.

ಫೋಟೋದಲ್ಲಿ ಕಾಣದೇ ಹೋದದ್ದನ್ನು ಹೇಳುತ್ತೇನೆ. ಕಾರ್ವರ್ ಹೊಳೆ ಡೆಲವೇರ್ ನದಿಗೆ ಸೇರುವ ಜಾಗದಲ್ಲಿ, ಕಲ್ಲುಸೇತುವೆಯ ಕೆಳಗೆ ನೀನು ಹಾಕಿದ ಕಬ್ಬಿಣದ ತಟ್ಟಿ ಬಹಳ ಗಟ್ಟಿಯಾಗಿದೆ. ಒಂದು ಸರಳೂ ಬಾಗಿಲ್ಲ. ಅದರ ಕೆಳಮಗ್ಗುಲಿಗೆ ಶ್ಯಾಡ್ ಮೀನುಗಳು ಬಂದು ನಿಂತಿವೆ. ನಿಂತಿವೆ ಎಂದೆ, ಹರಿಯುವ ನೀರಿನಲ್ಲಿ ನಿಂತಲ್ಲೇ ನಿಲ್ಲುವುದಕ್ಕೂ ಈಜುತ್ತಲೇ ಇರಬೇಕು. ಕಡಲಿನಿಂದ ಅಷ್ಟು ದೂರ ಬಂದು, ಮೊಟ್ಟೆ ತುಂಬಿದ ಹೊಟ್ಟೆ ಹೊತ್ತು, ಸರಳಿಗೆ ಮೂತಿ ಬಡಿದು, ಹಿಂದೆ ಸರಿದು, ಮತ್ತೆ ಬಡಿಯುತ್ತವೆ. ಮೂತಿಯ ಬೆಳ್ಳಿ ಸುಲಿದು ಕೆಂಪಗಾಗಿದೆ. ಕೆಲವು ಪಕ್ಕಕ್ಕೆ ಮಗುಚಿ ತೇಲಿಹೋದವು. ಅದನ್ನು ನೋಡುತ್ತ ನಿಲ್ಲಲು ನನಗೆ ಆಗಲಿಲ್ಲ. ನೋಡದೆ ಮನೆಗೆ ಬರಲೂ ಆಗಲಿಲ್ಲ.

ಈ ಮೀನು ನಿನಗೆ ಹೊಸತು, ನನಗಲ್ಲ. ನಾವು ಈ ದೇಶಕ್ಕೆ ಬಂದ ಮೊದಲ ವಸಂತದಲ್ಲಿ ನಿನ್ನ ಭಾವ ನನ್ನನ್ನು ಅದೇ ಸೇತುವೆಯ ಮೇಲೆ ತಂದು ನಿಲ್ಲಿಸಿದ್ದರು. ನೀರೇ ಮೇಲ್ಮುಖವಾಗಿ ಹರಿಯುತ್ತಿದೆಯೇನೋ ಅನ್ನಿಸುವಷ್ಟು ಮೀನು. ನಮ್ಮೂರ ತಾರ್ಲೆ ಮೀನಿನ ದೊಡ್ಡಕ್ಕನಂಥ ಮುಖ, ಅದೇ ಹೊಳಪು, ಅದೇ ಮುಳ್ಳು. ಊರು ಬಿಟ್ಟು ಬಂದು ಅಳುತ್ತಿದ್ದವಳಿಗೆ ಆ ಮುಖ ಪರಿಚಯದ್ದಾಗಿತ್ತು. ಯಾರೂ ಸಾಕಿದ್ದಲ್ಲ, ಲಾರಿಯಲ್ಲಿ ತಂದದ್ದಲ್ಲ; ಹುಟ್ಟಿದ ಹೊಳೆಯನ್ನು ನೆನಪಿಟ್ಟುಕೊಂಡು ತಾವಾಗಿ ಬಂದವು. ನಾನು ಓದುವ ಕವಿತೆಗಳಲ್ಲಿ ನದಿ ಯಾವಾಗಲೂ ಹೋಗುತ್ತಲೇ ಇರುತ್ತದೆ. ಹೋಗುವುದನ್ನು ಬರೆದಷ್ಟು ಚೆನ್ನಾಗಿ ಹಿಂದಿರುಗುವುದನ್ನು ಯಾರೂ ಬರೆದಿಲ್ಲವೆಂದು ಆವತ್ತು ಅನ್ನಿಸಿತ್ತು. ಆಮೇಲೆ ವರ್ಷ ವರ್ಷಕ್ಕೂ ಮೀನು ಕಡಿಮೆಯಾಯಿತು. ಕಡಲಿನಲ್ಲಿ ದೊಡ್ಡ ಹಡಗುಗಳು ಬಾಚುತ್ತವೆ ಎಂದರು, ನೀರು ಬಿಸಿಯಾಯಿತು ಎಂದರು, ಅಣೆಕಟ್ಟು ಎಂದರು. ಸೇತುವೆಯ ಮೇಲೆ ಗಾಳ ಹಿಡಿದು ನಿಲ್ಲುತ್ತಿದ್ದ ಮುದುಕರು ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. ಕಳೆದ ವರ್ಷ ಬೆರಳೆಣಿಕೆಯಷ್ಟು. ಈ ವರ್ಷ, ಯಾಕೋ ಏನೋ, ಮತ್ತೆ ಬಂದಿವೆ. ಬಾರದೆ ಬಾರದೆ ಬಂದವರ ಮುಖಕ್ಕೆ ನಮ್ಮ ಮನೆಯವರೇ ಬಾಗಿಲು ಹಾಕಿದ್ದಾರೆ.

ಹೌದು, ನಮ್ಮ ಮನೆಯವರೇ. ಕಳೆದ ಚಳಿಗಾಲ ನೀನು ನಮ್ಮ ಬೇಸ್‌ಮೆಂಟಿನಲ್ಲಿ ಹೇಗಿದ್ದೆಯೆಂದು ನನಗೆ ನೆನಪಿಲ್ಲವೆಂದುಕೊಂಡೆಯಾ? ನಿನ್ನ ಕಂಪನಿಯ ಕಟ್ಟಡಗಳು ಅರ್ಧಕ್ಕೆ ನಿಂತು, ನಿನ್ನನ್ನು ಮನೆಗೆ ಕಳಿಸಿ, ಸಿವಿಲ್ ಎಂಜಿನಿಯರ್ ಆದ ನನ್ನ ತಮ್ಮ ದಿನವಿಡೀ ಪೈಜಾಮದಲ್ಲೇ ಇರುತ್ತಿದ್ದ. ಎದುರುಮನೆಯ ಟೋನಿ ಬಂದು, ತನ್ನ ಮೀನುಗಾರರ ಕ್ಲಬ್ಬಿಗೆ ಈ ವರ್ಷ ಅರ್ಧ ಲಾರಿ ಸಾಕಿದ ಟ್ರೌಟ್ ಮೀನು ಕೊಳ್ಳುವಷ್ಟೇ ಶಕ್ತಿಯಿದೆ, ಹೊಳೆಗೆ ಬಿಟ್ಟ ಮೀನು ನದಿಗೆ ಜಾರಿಹೋಗದ ಹಾಗೆ ಏನಾದರೂ ಮಾಡಿಕೊಡು ಎಂದಾಗ ನಿನ್ನ ಕಣ್ಣು ಬೆಳಗಿದ್ದನ್ನು ನಾನೇ ನೋಡಿದೆ. 'ಅಕ್ಕಾ, ಇದು ಅಬ್ಬಾನ ಗಜನಿ ತಟ್ಟಿ ಅಲ್ವಾ' ಅಂದೆ. ಮಿರ್ಜಾನಿನಲ್ಲಿ ಹಿನ್ನೀರು ನುಗ್ಗುವ ನಮ್ಮ ಗಜನಿ ಗದ್ದೆ, ಅದರ ತೂಬಿಗೆ ಅಬ್ಬಾ ಇಳಿಬಿಡುತ್ತಿದ್ದ ಬಿದಿರಿನ ತಟ್ಟಿ, ಸಿಗಡಿ ಮೀನು ಕಡಲಿಗೆ ವಾಪಸು ಹೋಗದಂತೆ ತಡೆಯುವ ಸರಳ ಉಪಾಯ. ನೀನು ಅದನ್ನು ಕಬ್ಬಿಣದಲ್ಲಿ ಮಾಡಿದೆ. ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತ ಹಾಡುತ್ತಿದ್ದೆ. ನಾನು ಮೇಲೆ ಅಡುಗೆಮನೆಯಲ್ಲಿ ನಿಂತು ಅಲ್ಲಾಹನಿಗೆ ಶುಕ್ರ್ ಹೇಳಿದೆ. ಅದಕ್ಕೇ ಈ ಕಾಗದ ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಆದರೆ ಅಬ್ಬಾ ತಟ್ಟಿ ಇಳಿಸುತ್ತಿದ್ದದ್ದು ಯಾವಾಗ? ಇಳಿತ ಶುರುವಾದ ಮೇಲೆ. ಉಬ್ಬರ ಬರುವಾಗ ತಟ್ಟಿ ಎತ್ತಿ, ಮೊಣಕಾಲು ನೀರಿನಲ್ಲಿ ನಿಂತು, ಒಳಗೆ ಬರುವುದೆಲ್ಲ ಬರಲಿ ಎಂದು ಕಾಯುತ್ತಿದ್ದರು. ಆ ಹೊತ್ತಿನಲ್ಲಿ ನಾವು ತೂಬಿನ ಬಾಯಿಗೆ ಕಾಲು ಇಳಿಬಿಟ್ಟರೂ ಬೈಯುತ್ತಿದ್ದರು, 'ಬರ್ತಾ ಇದ್ದಾವೆ, ದಾರಿ ಬಿಡಿ' ಎಂದು. ನೀನು ಅಬ್ಬಾನಿಂದ ಮುಚ್ಚುವುದನ್ನಷ್ಟೇ ಕಲಿತೆ. ಇಲ್ಲಿ ಹೊಳೆಗೆ ಉಬ್ಬರವಿಲ್ಲ, ಆದ್ದರಿಂದ ಕೆಳಗಿನಿಂದ ಏನೂ ಬರುವುದಿಲ್ಲ, ತಟ್ಟಿ ವರ್ಷವಿಡೀ ಇಳಿದೇ ಇರಲಿ ಎಂದು ಲೆಕ್ಕ ಹಾಕಿದೆ. ಉಬ್ಬರ ಹೊತ್ತು ತಾರದಿದ್ದರೂ ತಾವೇ ಈಜಿ ಬರುವವು ಇರಬಹುದೆಂದು ನಿನಗೆ ಹೊಳೆಯಲಿಲ್ಲ. ನನ್ನನ್ನಾದರೂ ಕೇಳಬಹುದಿತ್ತು. ಅಕ್ಕ ಕನ್ನಡ ಎಂ.ಎ., ಅವಳಿಗೆ ಹೊಳೆಯ ವಿಷಯ ಏನು ಗೊತ್ತು ಅಂದುಕೊಂಡೆಯಲ್ಲವೇ?

ಇನ್ನು ಟೋನಿ. ಅವನಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಆ ಹೊಳೆಯ ಪಕ್ಕದಲ್ಲಿರುವವನು. ನಿನಗೆ ಬೇಕೆಂದೇ ಹೇಳಲಿಲ್ಲ. ಕಳೆದ ವಾರ ಅವನ ಬಾಗಿಲು ಬಡಿದು ಕೇಳಿದರೆ, 'ನಯೀಮಾ, ಹನಿ, ಶ್ಯಾಡ್ ಈಸ್ ಓವರ್' ಎಂದ, ಸತ್ತುಹೋದ ಅಜ್ಜಿಯ ಬಗ್ಗೆ ಮಾತಾಡುವ ದನಿಯಲ್ಲಿ. ಓವರ್ ಆಗಿದ್ದರೆ ಸೇತುವೆಯ ಕೆಳಗೆ ನಿಂತಿರುವುದೇನು ಎಂದೆ. ಭುಜ ಕುಣಿಸಿದ. ಶ್ಯಾಡ್ ನೋಡಲು ಯಾರೂ ಚಂದಾ ಕೊಡುವುದಿಲ್ಲ, ಟ್ರೌಟ್ ಇದ್ದರೆ ಸದಸ್ಯರು, ಸದಸ್ಯರಿದ್ದರೆ ಕ್ಲಬ್ಬು ಎಂದ. ಆ ಟ್ರೌಟನ್ನು ನೀನು ನೋಡಬೇಕು. ತೊಟ್ಟಿಯಲ್ಲಿ ಬೆಳೆದು ರೆಕ್ಕೆಯ ತುದಿ ಸವೆದುಹೋಗಿದೆ. ಮನುಷ್ಯರ ನೆರಳು ಬಿದ್ದರೆ ಓಡುವ ಬದಲು ತಿಂಡಿ ಹಾಕುತ್ತಾರೆಂದು ಹತ್ತಿರ ಬರುತ್ತವೆ. ಶನಿವಾರ ಬಿಡುತ್ತಾರೆ, ಭಾನುವಾರ ಹಿಡಿಯುತ್ತಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ಮೀನುಗಾರಿಕೆ ಎಂಬ ಹೆಸರು ಬೇರೆ. ಸರ್ಕಾರದ ಕಚೇರಿಗೆ ಫೋನ್ ಮಾಡಿದೆ. ಈ ಕೆಲಸ ನೋಡುವವರು ಸಂಬಳವಿಲ್ಲದ ರಜೆಯಲ್ಲಿದ್ದಾರೆ, ಮುಂದಿನ ವಾರ ಮಾಡಿ ಎಂದರು. ಮೀನಿಗೂ ಹಾಗೆಯೇ ಹೇಳಲೇ ಎಂದು ಕೇಳಿ ಫೋನಿಟ್ಟೆ. ಪಾಪ, ಅಲ್ಲಿ ಫೋನೆತ್ತಿದ ಹುಡುಗಿಯ ತಪ್ಪೇನೂ ಇರಲಿಲ್ಲ.

ನಮ್ಮವರ ಬಗ್ಗೆಯೂ ಬರೆಯದಿದ್ದರೆ ಅನ್ಯಾಯವಾಗುತ್ತದೆ. ನಿನ್ನೆ ಹೋದಾಗ ಎಡಿಸನ್ನಿನ ದಿವಾಕರ ಅಲ್ಲಿದ್ದರು, ಕನ್ನಡಕೂಟದಲ್ಲಿ ನೀರುದೋಸೆ ಹುಯ್ಯುತ್ತಾರಲ್ಲ, ಆ ಮಂಗಳೂರಿನವರು. ಜೊತೆಗೆ ಎರಡು ಕಾರು ಜನ, ಐಸ್ ತುಂಬಿದ ಡಬ್ಬಿಗಳು. ತಟ್ಟಿಗೆ ಬಡಿದು ಸೋತ ಮೀನನ್ನು ಬಕೆಟ್ಟಿನಲ್ಲಿ ಮೊಗೆಯುತ್ತಿದ್ದರು. 'ಎಂತ ನಯೀಮಕ್ಕ, ಬಲೆ ಬೇಡ, ಗಾಳ ಬೇಡ ಮಾರಾಯ್ರೆ, ಬಕೆಟ್ ಸಾಕು. ನಿಮ್ಮ ತಮ್ಮ ಎಂಜಿನಿಯರ್ ಅಂದ್ರೆ ಎಂಜಿನಿಯರ್. ಮೊಟ್ಟೆ ನೋಡಿ, ಇಷ್ಟುದ್ದ ಉಂಟು, ರವೆ ಹಚ್ಚಿ ಕಾಯಿಸಿದ್ರೆ ಆಯ್ತು' ಎಂದರು. ನನಗೂ ಒಂದು ಚೀಲ ಕೊಡಲು ಬಂದರು. ನಾನು ಏನೆಂದೆನೋ ಸರಿಯಾಗಿ ನೆನಪಿಲ್ಲ. ಮೊಟ್ಟೆ ತುಂಬಿದ್ದನ್ನೇ ಆರಿಸಿ ತೆಗೆದರೆ ಮುಂದಿನ ಸಲ ಯಾರು ಬರುತ್ತಾರೆ, ನಿಮ್ಮ ಅಜ್ಜಿ ಬರುತ್ತಾಳಾ ಎಂದು ಕೂಗಿದೆನೆಂದು ಜೈನಬ್ ಹೇಳುತ್ತಾಳೆ. ದಿವಾಕರ ನೊಂದುಕೊಂಡರು. 'ಹೇಗೂ ಸಾಯ್ತಾವಲ್ಲ ಅಕ್ಕ, ವೇಸ್ಟ್ ಆಗ್ಬಾರ್ದು ಅಂತ' ಎಂದರು. ತಟ್ಟಿ ಇರುವವರೆಗೂ ಅವರು ಹೇಳಿದ್ದೇ ಸರಿ, ಶಾರಿಕ್. ನನ್ನನ್ನು ಸುಡುತ್ತಿರುವುದೂ ಅದೇ.

ತಟ್ಟಿ ಎತ್ತು ಎಂದು ಟೋನಿಗೆ ಎಷ್ಟು ಹೇಳಿದರೂ ಅವನ ಬಾಯಲ್ಲಿ ನಿನ್ನ ಹೆಸರು. ವಸಂತದ ನೀರಿನ ರಭಸದಲ್ಲಿ ತಟ್ಟಿ ಎತ್ತುವ ಸರಪಳಿ ಎಳೆದರೆ ಚೌಕಟ್ಟು ತಿರುಚಿಕೊಂಡು ಸೇತುವೆಯ ಹಳೇ ಕಂಬವೇ ಕಿತ್ತು ಬರಬಹುದು, ಮುಟ್ಟಬೇಡಿ ಎಂದು ನೀನೇ ಹೇಳಿ ಹೋಗಿದ್ದೀಯಂತೆ. 'ನಿನ್ನ ತಮ್ಮ ಫೋನ್ ಮಾಡಿ ಸೇಫ್ ಅನ್ನಲಿ, ಅದೇ ದಿನ ಎತ್ತುತ್ತೇನೆ' ಎಂದ. ನಾನು ಸಿಟ್ಟಿನಲ್ಲಿ ಅವನ ಮೇಲೆ ಏನೇ ಬರೆದಿರಲಿ, ಆ ಮಾತನ್ನು ಅವನು ಉಳಿಸಿಕೊಳ್ಳುತ್ತಾನೆ. ಬೇಕಿರುವುದು ನಿನ್ನ ಒಂದು ಫೋನು. ಎತ್ತಬಹುದು ಎಂದರೆ ಹೇಗೆ ಎತ್ತಬೇಕೆಂದು ಹೇಳು. ಎತ್ತಬಾರದು ಎಂದರೆ ಸರಳು ಎಲ್ಲಿ ಕತ್ತರಿಸಬೇಕೆಂದು ಹೇಳು. ಲೆಕ್ಕ ನಿನ್ನ ತಲೆಯಲ್ಲಿದೆ, ನಮ್ಮ ಯಾರ ತಲೆಯಲ್ಲೂ ಇಲ್ಲ. ಈ ನೀರು, ಈ ಹದ ಇನ್ನೊಂದು ವಾರ ಇದ್ದರೆ ಹೆಚ್ಚು. ಆಮೇಲೆ ಅವು ಮೊಟ್ಟೆಯನ್ನು ಎಲ್ಲಾದರೂ ಚೆಲ್ಲಿ ಹೋಗುತ್ತವೆ, ಇಲ್ಲಿ ಹುಟ್ಟಿದ್ದು ಯಾವುದೂ ಉಳಿದಿರುವುದಿಲ್ಲ, ಹಿಂದಿರುಗಲು ಯಾವುದಕ್ಕೂ ನೆನಪಿರುವುದಿಲ್ಲ.

ನಿನಗೆ ನಾಚಿಕೆಯಾಗಿದೆಯೆಂದು ನನಗೆ ಗೊತ್ತು. ಆ ಚಳಿಗಾಲದಲ್ಲಿ ನಿನ್ನ ಕೈಯಿಂದ ಆದ ಒಂದೇ ಒಳ್ಳೆಯ ಕೆಲಸ ಅದು, ಅದೂ ಹೀಗಾಯಿತಲ್ಲ ಎಂದು ಕತ್ತಲಲ್ಲಿ ಮುಖ ಹುದುಗಿಸಿ ಕುಳಿತಿದ್ದೀಯ. ಕುಳಿತುಕೋ, ಮುಂದಿನ ತಿಂಗಳು ಕುಳಿತುಕೋ, ನಾನೇ ಬಂದು ಜೊತೆಗೆ ಕೂರುತ್ತೇನೆ. ಈ ವಾರ ನಿನ್ನ ನಾಚಿಕೆಗೆ ಸಮಯ ಕೊಡಲು ನನ್ನಿಂದ ಸಾಧ್ಯವಿಲ್ಲ.

ಭಾವ ಸಲಾಂ ಹೇಳಿದ್ದಾರೆ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು, ನೆಲದ ಮೇಲೆ ಮಲಗಬೇಡ. ದೇವರು ನಿನ್ನ ಕೈಗಳನ್ನು ಕಾಯಲಿ, ಅವುಗಳಿಂದ ಇನ್ನೂ ಬೇಕಾದಷ್ಟು ಕೆಲಸ ಆಗಬೇಕಿದೆ.

ಇಷ್ಟು ಬೈದ ಮೇಲೂ ನಿನ್ನವಳೇ ಆದ,
ಅಕ್ಕ ನಯೀಮಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯುತ್ತಿದ್ದೇನೆ, ಭಾವನಿಗೆ ಹೇಳಿಲ್ಲ, ನೀನೂ ಹೇಳಬೇಡ. ನೀನು ಮಲಗುತ್ತಿದ್ದ ಮಂಚದ ಹಾಸಿಗೆ ಬಟ್ಟೆ ಬದಲಿಸುವಾಗ ತಟ್ಟಿಯ ಸರಪಳಿಗೆ ನೀನು ಹಾಕಿದ ಬೀಗದ ಎರಡನೇ ಕೀ ಸಿಕ್ಕಿತು. ಈ ಕಾಗದವನ್ನು ನಾಳೆ ಎಕ್ಸ್‌ಪ್ರೆಸ್ಸಿನಲ್ಲಿ ಹಾಕುತ್ತೇನೆ, ಮಂಗಳವಾರ ನಿನ್ನ ಕೈ ಸೇರುತ್ತದೆ. ಬುಧವಾರ ಬೆಳಿಗ್ಗೆ ಜೈನಬ್ ಶಾಲೆಗೆ ಹೋದ ಮೇಲೆ ನಾನೊಬ್ಬಳೇ ಹೋಗಿ ಸರಪಳಿ ಎಳೆಯುತ್ತೇನೆ. ಕಂಬ ನಿಲ್ಲುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಸರಪಳಿ ಎಳೆಯಲು ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಿಲ್ಲ. ಮಂಗಳವಾರ ಇಡೀ ದಿನ ಫೋನು ನನ್ನ ಕೈಯಲ್ಲೇ ಇರುತ್ತದೆ.