ಸೂಜಿಮೊನೆಯಷ್ಟು ಗಾಯ

ನವೆಂಬರ್ ೧೪, ಶುಕ್ರವಾರ
ವರ್ಕ್‌ಶಾಪ್. ಮಧ್ಯಾಹ್ನಕ್ಕೇ ಬಾಗಿಲು ಹಾಕಿದ್ದೇನೆ.

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಕೆಲಸದ ನೆಪ ಹೇಳಬಹುದಿತ್ತು, ಹೇಳುವುದಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಮಾತು ಹೊರಡದು, ಅದಕ್ಕೇ ಬರೆಯುತ್ತಿದ್ದೇನೆ. ಭಾವನ ಬಲಗೈಯ ಹೊಲಿಗೆ ಬಿಚ್ಚಿದರೆಂದು ತಿಳಿಯಿತು. ಎಡಗೈಯಲ್ಲಿ ಉಣ್ಣುವುದು ರೂಢಿಯಾಯಿತೇ? ಇಲ್ಲಿ ಬಂದವರೆಲ್ಲ, "ಎಂಜಿನ್ ಸದ್ದಿಗೆ ಕಿವಿ ಇರೋ ಮೇಸ್ತ್ರಿ ಯಾವಾಗ ಬರ್ತಾರೆ? ನಿಮಗೆ ಬರೀ ಬಾಯಿ" ಎನ್ನುತ್ತಾರೆ.

"ಆವತ್ತು ಆಗಿದ್ದೇನು? ಕೇಳಿದರೆ ನಮ್ಮ ಯಜಮಾನರು ಗೋಡೆ ಕಡೆ ತಿರುಗುತ್ತಾರೆ" ಎಂದು ಬರೆದಿದ್ದೀಯ. ಇಟ್ಟಿಗೆ ಭಟ್ಟಿಯವನ ಟ್ರ್ಯಾಕ್ಟರ್ ಬಂದಿತ್ತು. ಕರಿ ಹೊಗೆ, ಎಂಜಿನ್ನಿನಲ್ಲಿ ಕಟಕಟ ಸದ್ದು. ಎಂಜಿನ್ ಓಡುತ್ತಿರುವಾಗಲೇ ಭಾವ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಕಿವಿಗೊಟ್ಟರು. ಮೊದಲೆರಡಕ್ಕೆ ಎಂಜಿನ್ ತಡವರಿಸಿತು. ಮೂರನೆಯದಕ್ಕೆ ಓಟ ಬದಲಾಗಲಿಲ್ಲ, ಕಟಕಟ ಮಾತ್ರ ನಿಂತಿತು. "ಕಳ್ಳ ಸಿಕ್ಕ" ಎಂದರು. ಅದನ್ನು ಬಿಚ್ಚಿ, ಒತ್ತಡ ಕೊಟ್ಟು ಪರೀಕ್ಷಿಸುವ ಟೆಸ್ಟರಿಗೆ ಕಟ್ಟಿ ಲಿವರ್ ಒತ್ತಿದರೆ, ಮಂಜಿನಂತೆ ಚಿಮ್ಮಬೇಕಾದ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಎಡಗೈ ಲಿವರಿನ ಮೇಲಿರುವಾಗಲೇ ಬಲಗೈಯಿಂದ ತುದಿ ಒರೆಸಹೋದರು. ಕೂದಲೆಳೆಯಷ್ಟು ಡೀಸೆಲ್ ತೋರುಬೆರಳಿಗೆ ಹೊಡೆಯಿತು. ರಕ್ತವಿಲ್ಲ, ನೋವಿಲ್ಲ, ಸೂಜಿಮೊನೆಯಷ್ಟು ಚುಕ್ಕಿ. ಕೈ ತೊಳೆದು ಬಂದರು. ಇಂಜೆಕ್ಟರಿನ ತುದಿಗೆ ಹೊಸ ನಾಜಲ್ ಹಾಕಿ, ಸ್ಪ್ರಿಂಗಿನ ಒತ್ತಡ ಸರಿಮಾಡಿ, ಸಂಜೆಯೊಳಗೆ ಟ್ರ್ಯಾಕ್ಟರ್ ಕಳಿಸಿದೆವು.

ಆ ಒತ್ತಡದ ಡೀಸೆಲ್ ಚರ್ಮದೊಳಗೇ ಅಂಗೈವರೆಗೆ ಹರಿಯುತ್ತದೆ, ಅವತ್ತೇ ಬಂದಿದ್ದರೆ ಬೆರಳು ಉಳಿಯುತ್ತಿದ್ದವು ಎಂದು ಡಾಕ್ಟರು ಹೇಳಿದರಂತೆ. ಎರಡು ಬೆರಳು ಹೋದವು. "ಮರುದಿನ ಮಧ್ಯಾಹ್ನದವರೆಗೆ ಡಾಕ್ಟರಿಗೆ ತೋರಿಸದೆ ಸುಮ್ಮನಿದ್ದ ಮನುಷ್ಯನ ಜೊತೆ ನನಗೇನು ಮಾತು" ಎಂಬ ನಿನ್ನ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ನೀನೂ ಹಾಸಿಗೆ ಹಿಡಿಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ
ಅಣ್ಣ

ಮತ್ತೆ: ಭಾವ ಸುಮ್ಮನಿರಲಿಲ್ಲ. ಒಂದು ಗಂಟೆಯೊಳಗೇ, "ಬೆರಳು ಯಾಕೋ ಬಿಗೀತಿದೆ, ಒಂದ್ಸಲ ಡಾಕ್ಟರಿಗೆ ತೋರಿಸ್ಕೊಂಡು ಬರ್ಲಾ?" ಎಂದು ನನ್ನನ್ನು ಕೇಳಿದರು. ಟ್ರ್ಯಾಕ್ಟರಿನವನು ಎದುರಿಗೇ ಅವಸರ ಮಾಡುತ್ತಿದ್ದ. "ಏನ್ ಭಾವ, ಮದುಮಗಳ ಕೈಯಾ ನಿಮ್ದು?" ಎಂದೆ. ಅವನು ನಕ್ಕ. ಭಾವನೂ ನಕ್ಕು ಸ್ಪ್ಯಾನರ್ ಎತ್ತಿಕೊಂಡರು. ಇದನ್ನು ನಿನಗೆ ಹೇಳದೆ, ನಿನ್ನ ಸಿಟ್ಟನ್ನೆಲ್ಲ ಅವರೇ ನುಂಗುತ್ತಿದ್ದಾರೆ. ಸೋಮವಾರ ಮೊದಲ ಬಸ್ಸಿಗೆ ಬಂದು, ನಿಮ್ಮಿಬ್ಬರ ಎದುರು ಬಾಯಿಬಿಟ್ಟು ಹೇಳುವುದೆಂದು ತೀರ್ಮಾನಿಸಿದ್ದೇನೆ. ಅಷ್ಟರೊಳಗೆ ಅವರನ್ನು ಮಾತಾಡಿಸು.